ಭಾವನ ಫಟಫಟಿಯೂ ಹೆಪ್ಪು ಹಾಕಿದ ಹಾಲೂ

ನಮ್ಮ ಭಾವನಿಗೆ ತಲೆ ಸರಿಯಿಲ್ಲ ಎಂದು ಹುಣಸೂರಿನಲ್ಲಿ ಯಾರೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲವಲ್ಲ! ಬೀದಿಯಲ್ಲಿ ಹೋಗುವವರು ಒಮ್ಮೆ ಕಿಟಕಿಯಲ್ಲಿ ಇಣುಕಿದರೆ ಸಾಕಾಗಿತ್ತು. ಅನುಕೂಲಸ್ಥರ ನಡುಮನೆಯಲ್ಲಿ ತೂಗುಮಂಚ ನೇತಾಡುವುದನ್ನು ನೀವು ನೋಡಿರುತ್ತೀರಿ. ಭಾವನ ನಡುಮನೆಯಲ್ಲಿ, ತೂಗುಮಂಚದ್ದೇ ಕೊಕ್ಕೆಗಳಿಗೆ ಹಗ್ಗ ಬಿಗಿದುಕೊಂಡು, ಒಂದು ಮೋಟಾರ್ ಸೈಕಲ್ಲು ನೇತಾಡುತ್ತಿತ್ತು. ಮುಂದಿನ ಚಕ್ರವೂ ಇಲ್ಲ, ಅದನ್ನು ಹಿಡಿದುಕೊಳ್ಳುವ ಕವಲೂ ಇಲ್ಲ. ಮೂಗು ಕೊಯ್ಸಿಕೊಂಡ ಶೂರ್ಪನಖಿಯ ಹಾಗೆ ಬೀದಿಯ ಕಡೆಗೇ ಮುಖ ಮಾಡಿಕೊಂಡು ತೂಗುತ್ತಿತ್ತು.

ಆಗಿನ್ನೂ ಐವತ್ತರ ದಶಕ. ನನಗೆ ಹುಣಸೂರಿನ ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರ ಕೆಲಸ ಹೊಸದಾಗಿ ಸಿಕ್ಕಿತ್ತು. ಒಡಹುಟ್ಟಿದ ಅಕ್ಕ ಅದೇ ಊರಿನಲ್ಲಿರುವಾಗ ಬೇರೆ ಕೋಣೆ ಹಿಡಿಯುವುದುಂಟೇ? ಅಕ್ಕ, ಭಾವ ಇಬ್ಬರೇ ಇದ್ದ ಮನೆಗೆ ನಾನೂ ಸೇರಿಕೊಂಡೆ. ಇಬ್ಬರೇ ಎಂದೆನೇ? ಫಟಫಟಿಯನ್ನು ಮರೆತೆ. ಅದನ್ನು ಮರೆತರೆ ಭಾವ ಕ್ಷಮಿಸುತ್ತಿರಲಿಲ್ಲ.

ಭಾವನಿಗೆ ಪೇಟೆಯಲ್ಲಿ ಕಬ್ಬಿಣದ ಸಾಮಾನಿನ ಅಂಗಡಿ. ಮೊಳೆ, ಚಿಲಕ, ಬಾವಿಯ ರಾಟೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೇಕಾದ ತಗಡಿನ ಕೊಳವೆ. ಬೆಳಿಗ್ಗೆ ಎದ್ದು ಸ್ನಾನ, ಹಣೆಯ ತುಂಬ ವಿಭೂತಿ, ಲಿಂಗಪೂಜೆ, ಆಮೇಲೆ ಅಂಗಡಿ. ಇಷ್ಟರವರೆಗೆ ಅವರೂ ಎಲ್ಲ ವ್ಯಾಪಾರಸ್ಥರಂತೆಯೇ. ವ್ಯತ್ಯಾಸ ಶುರುವಾಗುತ್ತಿದ್ದದ್ದು ಗಿರಾಕಿ ಬಂದ ಮೇಲೆ. ಪಿರಿಯಾಪಟ್ಟಣದ ಕಡೆಯ ರೈತನೊಬ್ಬ ಬಂದು ಕದಕ್ಕೆ ಎರಡು ಕೀಲು ಕೊಡಿ ಎಂದರೆ, ಯಾವ ಕದ, ಯಾವ ಮರ, ಒಳಕ್ಕೆ ತೆರೆಯುತ್ತದೋ ಹೊರಕ್ಕೋ, ಮಳೆ ಹೊಡೆಯುವ ದಿಕ್ಕು ಯಾವುದು ಎಂದು ವಕೀಲರ ಹಾಗೆ ಪಾಟೀಸವಾಲು ಹಾಕುತ್ತಿದ್ದರು. ಕೊನೆಗೆ ನಿನ್ನ ಕದಕ್ಕೆ ಕೀಲು ಬೇಡ, ಹೊಸಿಲು ತಗ್ಗಿದೆ, ಅದನ್ನು ಸರಿ ಮಾಡಿಸು ಎಂದು ಬರಿಗೈಯಲ್ಲಿ ಕಳಿಸಿಬಿಡುತ್ತಿದ್ದರು! ಆ ರೈತ ಎದುರಂಗಡಿಗೆ ಹೋಗಿ ಕೀಲು ಕೊಂಡುಕೊಂಡು, ಹೋಗುತ್ತಾ ಭಾವನಿಗೆ ಕೈ ಮುಗಿದು ಹೋಗುತ್ತಿದ್ದ.

ಇನ್ನು ಫಟಫಟಿಯ ವಿಚಾರ. ಅದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಕೈಬಿಟ್ಟ ಗಾಡಿ. ಯಾರೋ ನಿವೃತ್ತ ಸುಬೇದಾರರ ಕೊಟ್ಟಿಗೆಯಲ್ಲಿ ಕೋಳಿಗಳು ಕಾವು ಕೂರಲು ಬಳಸುತ್ತಿದ್ದುದನ್ನು ಭಾವ ಬಿಡಿಸಿ ತಂದಿದ್ದರು. ಎಂಜಿನ್ನು ಒಳ್ಳೆಯದೇ. ತೊಂದರೆ ಇದ್ದದ್ದು ಕುಲುಕಾಟದಲ್ಲಿ. ಮುಂದಿನ ಚಕ್ರವನ್ನು ಹಿಡಿದಿದ್ದ ಕಬ್ಬಿಣದ ತೋಳುಗಳ ನಡುವೆ ಒಂದೇ ಒಂದು ದಪ್ಪ ಸ್ಪ್ರಿಂಗು, ಅದೂ ಕಿರುಗುಟ್ಟುತ್ತಿತ್ತು. ಹಿಂದಿನ ಚಕ್ರಕ್ಕೆ ಅದೂ ಇಲ್ಲ, ನೇರವಾಗಿ ಚೌಕಟ್ಟಿಗೇ ಬೋಲ್ಟು. ‘ಮುಂದೆ ಒಂದು ಸ್ಪ್ರಿಂಗು, ಹಿಂದೆ ಶಿವ’ ಎಂದು ಭಾವನೇ ಹೇಳುತ್ತಿದ್ದರು. ಹಿಂದೆ ಕೂತವನಿಗೆ ಶಿವ ಕಾಣುತ್ತಿದ್ದುದಂತೂ ನಿಜ. ನಾನೊಮ್ಮೆ ಅದರಲ್ಲಿ ಹೆಗ್ಗಡದೇವನಕೋಟೆಗೆ ಹೋಗಿ ಬಂದೆ. ಮರುದಿನ ಒಂದನೇ ತರಗತಿಯಲ್ಲಿ ಬೋರ್ಡಿನ ಮೇಲೆ ‘ಅ’ ಬರೆದೆ. ಕೈಯ ನಡುಕ ಇನ್ನೂ ಹೋಗಿರಲಿಲ್ಲವಾಗಿ ಮಕ್ಕಳೆಲ್ಲ ಒಕ್ಕೊರಲಿನಿಂದ ‘ಆ’ ಎಂದು ಓದಿದವು!

ಇಂಥ ಗಾಡಿಯನ್ನು ಭಾವ ಒಂದು ಭಾನುವಾರ ನಡುಮನೆಗೆ ನುಗ್ಗಿಸಿ, ತೊಲೆಗೆ ನೇತುಹಾಕಿ, ಮುಂಭಾಗವನ್ನು ಬಿಚ್ಚತೊಡಗಿದರು. ಯಾಕೆ ಎಂದು ಕೇಳಿದೆ. ತಲೆಯೆತ್ತದೆಯೇ ಉತ್ತರ ಬಂತು: “ರಸ್ತೆ ಸರಿ ಮಾಡದು ನಮ್ಮ ಕೈಲಿಲ್ಲ ಮೇಷ್ಟ್ರೆ. ಗಾಡಿ ಸರಿ ಮಾಡದು ಅದೆ.”

ಆ ದಿನಗಳಲ್ಲಿ ಮನೆಯ ಪರಿಸ್ಥಿತಿ ಹೇಗಿತ್ತೆಂದು ಇಲ್ಲಿ ಹೇಳಲೇಬೇಕು. ಅಕ್ಕ ಬಸುರಿ. ಅದಕ್ಕೆ ಮೊದಲು ಎರಡು ಸಲ ಬಸುರಾಗಿ ಎರಡೂ ಸಲ ಕೈತಪ್ಪಿತ್ತು. ಈ ಸಲ ಮೈಸೂರಿನ ಲೇಡಿ ಡಾಕ್ಟರು ಖಂಡಿತವಾಗಿ ಹೇಳಿಬಿಟ್ಟಿದ್ದರು: ಹೆರಿಗೆಗೆ ತವರಿಗೆ ಹೋಗುವುದು ಬೇಡ, ಹುಣಸೂರಿನಿಂದ ಹೊರಗೆ ಕಾಲಿಡುವುದೇ ಬೇಡ. ಸರಿ, ಮಗಳು ತವರಿಗೆ ಹೋಗದಿದ್ದರೆ ತಾಯಿಯೇ ಬರಬಹುದಲ್ಲ? ಅದೂ ಆಗುವಂತಿರಲಿಲ್ಲ. ಸಾಲಿಗ್ರಾಮದಲ್ಲಿ ಅಣ್ಣನ ಮನೆಯಲ್ಲಿದ್ದ ಅವ್ವ ಆ ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿ ಬಿದ್ದು ಬೆನ್ನು ಮುರಿದುಕೊಂಡಿದ್ದಳು. ಮೂಳೆ ಕೂಡಿತ್ತು, ನೋವು ಬಿಟ್ಟಿರಲಿಲ್ಲ. ಮನೆಯೊಳಗೆ ನಿಧಾನವಾಗಿ ಓಡಾಡುತ್ತಿದ್ದಳು. ರಾತ್ರಿ ಒಂದು ಗಳಿಗೆ ಕಣ್ಣು ಮುಚ್ಚಿದರೆ ಹೆಚ್ಚು. ಬಸ್ಸು ಹತ್ತಿಸಿದರೆ ಊರ ಬಾಗಿಲು ದಾಟುವ ಮೊದಲೇ ಕಣ್ಣೀರಿಟ್ಟು ಇಳಿದುಬಿಟ್ಟಳು. ಎತ್ತಿನಗಾಡಿಗೆ ಮೆತ್ತೆ ಹಾಸಿ ನೋಡಿದ್ದಾಯಿತು. ಅದರ ಕಥೆಯೂ ಅಷ್ಟೇ. ಹೀಗೆ ತಾಯಿ ಅಲ್ಲಿ, ಮಗಳು ಇಲ್ಲಿ. ಅಕ್ಕನಿಗೆ ರೊಟ್ಟಿ ತಟ್ಟುತ್ತಾ ತಟ್ಟುತ್ತಾ ಕೈ ನಿಂತುಬಿಡುತ್ತಿತ್ತು. ರೊಟ್ಟಿ ಸೀದ ವಾಸನೆ ಬಂದರೆ ಅಕ್ಕನಿಗೆ ಅವ್ವನ ನೆನಪಾಗಿದೆ ಎಂದು ನಾನು ತಿಳಿದುಕೊಳ್ಳುತ್ತಿದ್ದೆ.

ಇಂಥ ಹೊತ್ತಿನಲ್ಲಿ ಗಂಡನಾದವನು ನಡುಮನೆಯಲ್ಲಿ ಸ್ಪ್ಯಾನರು ಹಿಡಿದು ಕೂತರೆ ನಿಮಗೆ ಹೇಗೆನ್ನಿಸುತ್ತದೆ? ನನಗೂ ಹಾಗೇ ಅನ್ನಿಸಿತು. ಆದರೆ ನಾನು ಆ ಮನೆಯ ಅನ್ನ ಉಣ್ಣುವವನು. ಬಾಯಿ ಮುಚ್ಚಿಕೊಂಡು ಸ್ಪ್ಯಾನರು ಎತ್ತಿಕೊಡುತ್ತಿದ್ದೆ.

ಮುಂದಿನ ವಾರ ಮೈಸೂರಿನಿಂದ ಬಸ್ಸಿನ ಟಾಪಿನ ಮೇಲೆ ಒಂದು ಗೋಣಿಚೀಲ ಬಂತು. ಒಳಗೆ ಹೊಸ ಬಗೆಯ ಮುಂಗವಲು: ಒಂದರೊಳಗೊಂದು ಜಾರುವ ಎರಡು ಜೊತೆ ಉಕ್ಕಿನ ಕೊಳವೆ, ಕೊಳವೆಯೊಳಗೆ ಸ್ಪ್ರಿಂಗು, ಸ್ಪ್ರಿಂಗು ಮುಳುಗುವಷ್ಟು ಎಣ್ಣೆ. ಎಲ್ಲೋ ಹಿಂದಿನಿಂದ ಲಾರಿ ಗುದ್ದಿದ ಗಾಡಿಯದಂತೆ. ಫಳಫಳ ಹೊಳೆಯುತ್ತಿದ್ದ ಅದನ್ನು ಕಂಡು ಅಕ್ಕ, ಯಾವ ದೇವಸ್ಥಾನದ ಕೊಂಬು ಕಹಳೆ ಎತ್ತಿಕೊಂಡು ಬಂದಿರಿ ಎಂದು ಗಾಬರಿಯಾದಳು.

ಬಸ್ ಗ್ಯಾರೇಜಿನ ವೆಲ್ಡಿಂಗ್ ಸಾಬರು ಬಂದು ಕತ್ತಿನ ಬಳಿ ಉಜ್ಜಿ ಕೊರೆದು ಅದನ್ನು ಕೂರಿಸಿದರು. ಕೂತಿತು. ಆದರೆ ಹಳೆಯದಕ್ಕಿಂತ ಇದು ಗೇಣುದ್ದ ಎತ್ತರ! ಮೊದಲು ತಲೆ ತಗ್ಗಿಸಿಕೊಂಡಿದ್ದ ಗಾಡಿ ಈಗ ಹಸುವಿನ ಗಂಜಲ ಮೂಸಿದ ಹೋರಿಯ ಹಾಗೆ ಮೂತಿಯನ್ನು ಆಕಾಶಕ್ಕೆ ಎತ್ತಿ ನಿಂತಿತು. ಅದರ ಮೇಲೆ ಕೂತ ಭಾವನಿಗೆ ರಸ್ತೆ ಕಾಣದು, ಬರೀ ಮೋಡ ಕಾಣುವುದು.

ಎಣ್ಣೆಯದು ಇನ್ನೊಂದು ಪ್ರಕರಣ. ತೆಳುವಾದ ಎಂಜಿನ್ ಆಯಿಲು ಹಾಕಿ ಎಂದು ಸಾಬರು ಹೇಳಿಹೋಗಿದ್ದರು. ಭಾವನಿಗೆ ತೆಳುವಾದದ್ದು ಯಾವುದೂ ಹಿಡಿಸದು, ಸಾರು ಕೂಡ. ಅಡಿಗೆಮನೆಯ ನಾಗಂದಿಗೆಯ ಮೇಲಿದ್ದ ಹರಳೆಣ್ಣೆಯನ್ನು ಎರಡೂ ಕೊಳವೆಗೆ ಸಮನಾಗಿ ಸುರಿದು ಸವಾರಿ ಹೊರಟರು. ಲಕ್ಷ್ಮಣತೀರ್ಥದ ಸೇತುವೆ ಮುಟ್ಟುವ ಹೊತ್ತಿಗೆ ಒಳಗಿನ ಹಳೆಯ ವಾಷರುಗಳು ಕೈಕೊಟ್ಟವು. ನಮ್ಮ ಮನೆಯಿಂದ ಸೇತುವೆಯವರೆಗೆ ಹರಳೆಣ್ಣೆಯ ಜೋಡಿ ಗೆರೆ! ಆ ಗೆರೆಯ ಮೇಲೆ ಜಾರಿದವರಲ್ಲಿ ಪುರಸಭೆಯ ಸದಸ್ಯರೂ ಒಬ್ಬರಿದ್ದರು ಎನ್ನುತ್ತಾರೆ. ಅಕ್ಕ ಬರಿದಾದ ಎಣ್ಣೆ ಕುಡಿಕೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಕೂಸಿನ ನೆತ್ತಿಗೆ ಅಂತ ಇಟ್ಟಿದ್ದೆ ಕಣ್ರೀ” ಎಂದಳು.

ಭಾವ, ಕೂಸಿನ ಕೆಲಸಕ್ಕೇ ಆಯಿತು ಬಿಡು ಎಂದರು. ಆ ಮಾತಿನ ಅರ್ಥ ಅಕ್ಕನಿಗೂ ಆಗಲಿಲ್ಲ, ನನಗೂ ಆಗಲಿಲ್ಲ.

ವಾಷರಿಗೆ ಒಳ್ಳೆಯ ತೊಗಲು ಬೇಕಾಗಿತ್ತು. ಭಾವ ತಮ್ಮ ಹೊಸ ಮೆಟ್ಟನ್ನೇ ಗುಂಡಗೆ ಕತ್ತರಿಸಿ, ಎಣ್ಣೆಯಲ್ಲಿ ನೆನೆಹಾಕಿ, ಕೊಳವೆಗೆ ತೊಡಿಸಿದರು. ಸೋರುವುದು ನಿಂತಿತು. ಭಾವ ಬರಿಗಾಲಲ್ಲಿ ಅಂಗಡಿಗೆ ಹೋಗತೊಡಗಿದರು. ಹಣೆಯ ತುಂಬ ವಿಭೂತಿ, ಬರಿಗಾಲು, ಮಾತು ಕಡಿಮೆ. ಪೇಟೆಯವರು ಏನೆಂದುಕೊಳ್ಳಬೇಕು? ಹೆಂಡತಿಯ ಹೆರಿಗೆಗೆ ಹರಕೆ ಹೊತ್ತಿದ್ದಾರೆ ಎಂದು ಸುದ್ದಿಯಾಯಿತು. ಯಾವ ದೇವರ ಹರಕೆ ಎಂದು ಒಬ್ಬ ಮುದುಕಿ ಭಕ್ತಿಯಿಂದ ಕೇಳಿದಳಂತೆ. ಇವರು ಅಷ್ಟೇ ಭಕ್ತಿಯಿಂದ ‘ವಾಷರಪ್ಪ’ ಎಂದರಂತೆ. ಆಕೆ ಅಲ್ಲಿಂದಲೇ ಕೈ ಮುಗಿದಳಂತೆ!

ಮೂತಿ ಎತ್ತಿದ ಹೋರಿಯನ್ನು ಸಮ ಮಾಡಬೇಕಾದರೆ ಹಿಂಭಾಗವನ್ನೂ ಎತ್ತಬೇಕು. ಅದಕ್ಕೆ ಭಾವ ಕಂಡುಕೊಂಡ ಉಪಾಯ, ಗಾಡಿಯ ಹಿಂಭಾಗವನ್ನೇ ಗರಗಸದಲ್ಲಿ ಕೊಯ್ಯುವುದು. ಕೊಯ್ದ ಜಾಗದಲ್ಲಿ ಒಂದು ಕೀಲು ಕೂರಿಸಿ, ಬಾಗಿಲ ರೆಕ್ಕೆಯ ಹಾಗೆ ಮೇಲೆ ಕೆಳಗೆ ಆಡುವ ಕವಲು ಮಾಡಿಸಿ, ಅದಕ್ಕೂ ಚೌಕಟ್ಟಿಗೂ ನಡುವೆ ಎರಡು ಸ್ಪ್ರಿಂಗು ನಿಲ್ಲಿಸುವುದು. ಗಿರಾಕಿಗಳಿಗೆ ಕೀಲು ಮಾರದೆ ಉಳಿಸಿದ್ದು ಇದಕ್ಕೇ ಇರಬೇಕು ಎಂದು ನಾನು ಒಳಗೊಳಗೇ ಅಂದುಕೊಂಡೆ.

ಮೊದಲು ಹಾಕಿದ್ದು ಹಳೇ ಲಾರಿಯ ಸೀಟಿನ ಸ್ಪ್ರಿಂಗು. ಪರೀಕ್ಷೆಗೆ ಕೂರಿಸಿದ್ದು ನನ್ನನ್ನು. ಅಯ್ಯೋ, ಆ ಸ್ಪ್ರಿಂಗುಗಳಿಗೆ ಮೇಲಕ್ಕೆ ಎಸೆಯುವುದು ಗೊತ್ತಿತ್ತು, ಹಿಡಿಯುವುದು ಗೊತ್ತಿರಲಿಲ್ಲ. ಒಂದು ಹಳ್ಳಕ್ಕೆ ಇಳಿದರೆ ಮುಂದಿನ ಮೂರು ಮನೆ ದಾಟುವವರೆಗೂ ತೂಗಾಟ. ಶಾಲೆಯ ಮುಂದೆ ಗಾಡಿ ನಿಂತಿತು, ನಾನು ನಿಲ್ಲಲಿಲ್ಲ, ಕೂತಲ್ಲೇ ತಲೆಯಾಡಿಸುತ್ತಿದ್ದೆ. ಅದೇ ಹೊತ್ತಿಗೆ ಹೊರಗೆ ಬಂದ ಹೆಡ್‌ಮಾಸ್ಟರು, ಪ್ರತಿ ಭಾನುವಾರದ ಶ್ರಮದಾನದ ಮೇಲ್ವಿಚಾರಣೆ ನೀವು ನೋಡಿಕೊಳ್ಳುತ್ತೀರಾ ಎಂದು ಕೇಳುತ್ತಿದ್ದರು. ನನ್ನ ತಲೆ ಮೇಲಕ್ಕೆ ಕೆಳಕ್ಕೆ ಆಡುತ್ತಿದ್ದುದನ್ನು ನೋಡಿ ಸಂತೋಷಪಟ್ಟು ಹೆಸರು ಬರೆದುಕೊಂಡೇಬಿಟ್ಟರು!

ಆ ಸಂಜೆ ಭಾವ ಇದ್ದಕ್ಕಿದ್ದಂತೆ ಕೇಳಿದರು:

“ಮೇಷ್ಟ್ರೆ, ನಿಮ್ಮವ್ವ ಎಷ್ಟು ತೂಗ್ತಾರೆ?”

ನನಗೆ ಕೋಪ ಬಂತು. ತಾಯಿಯೇನು ಬೆಲ್ಲದ ಅಚ್ಚೇ, ತೂಗಿ ನೋಡಲಿಕ್ಕೆ? ಮೊದಲು ಗಟ್ಟಿಮುಟ್ಟಾಗಿದ್ದಳು, ಈಗ ಬಿದ್ದ ಮೇಲೆ ಸೊರಗಿ ಮಗುವಿನಷ್ಟಾಗಿದ್ದಾಳೆ ಎಂದು ಸಿಡುಕಿನಿಂದಲೇ ಹೇಳಿದೆ. ಅವರು ತಲೆದೂಗಿ, ಒಂದು ಗೋಣಿಚೀಲಕ್ಕೆ ಉಪ್ಪು ತುಂಬಿ, ಅಂಗಡಿಯ ತಕ್ಕಡಿಯಲ್ಲಿಟ್ಟು, ಒಂದು ಬೊಗಸೆ ತೆಗೆದು, ಮತ್ತೆ ಅರ್ಧ ಬೊಗಸೆ ಹಾಕಿ, ಅದನ್ನು ಹಿಂದಿನ ಸೀಟಿಗೆ ಬಿಗಿದರು. ಚೀಲದ ಮೇಲೆ ಒಂದು ಮಡಕೆ. ಮಡಕೆಯಲ್ಲಿ ಉಗುರುಬೆಚ್ಚಗಿನ ಹಾಲು, ಹಾಲಿಗೆ ಹೆಪ್ಪು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಈ ಹಳ್ಳಿ ಆ ಹಳ್ಳಿ ಸುತ್ತಿ ಬರುವುದು. ಹಾಲು ಅಲುಗದೆ ಮೊಸರಾದರೆ ಗಾಡಿ ಸರಿ, ಇಲ್ಲದಿದ್ದರೆ ಇಲ್ಲ. ಆಗ ನನ್ನ ಮಂದಬುದ್ಧಿಗೆ ಬೆಳಕು ಬಿತ್ತು. ಈ ಮನುಷ್ಯ ಇಷ್ಟು ದಿನ ತಯಾರು ಮಾಡುತ್ತಿದ್ದದ್ದು ಅವ್ವನನ್ನು ಕರೆತರುವ ಗಾಡಿಯನ್ನು!

ಕಾರು ಬಾಡಿಗೆಗೆ ತರಬಹುದಿತ್ತಲ್ಲ ಎಂದೆ. ಅದಕ್ಕೂ ಅವರಲ್ಲಿ ಉತ್ತರ ಸಿದ್ಧವಾಗಿತ್ತು.

“ಕಾರಿಗೆ ರಸ್ತೆ ತುಂಬ ಬೇಕು ಕಣಪ್ಪ, ಎಲ್ಲಾ ಗುಂಡಿಗೂ ಇಳೀಲೇಬೇಕು. ಇದಕ್ಕೆ ಜನ ನಡೆಯೋ ಕಾಲುದಾರಿ ಸಾಕು. ನಡ್ದು ನಡ್ದು ನುಣ್ಣಗಾಗಿರ್ತದೆ, ಅಂಗೇ ಅಂಚಲ್ಲಿ ಓಗ್ಬುಡಬೋದು.”

ಅಕ್ಕನಿಗೆ ಹೇಳೋಣವೇ ಎಂದರೆ ಬೇಡವೆಂದರು. ಆಸೆ ಹುಟ್ಟಿಸಿ ಆಮೇಲೆ ಆಗಲಿಲ್ಲ ಎನ್ನುವುದು ಬೇಡ. ಅವಳು ಅಂಥದ್ದನ್ನು ಎರಡು ಸಲ ಕಂಡಿದ್ದಾಳೆ, ಸಾಕು ಎಂದರು. ಅಷ್ಟು ಹೇಳಿ ಬೋಲ್ಟು ಬಿಗಿಯಲು ಬಾಗಿದರು. ನಾನು ಅಂದಿನಿಂದ ಸ್ಪ್ಯಾನರನ್ನು ಕೇಳುವ ಮೊದಲೇ ಎತ್ತಿಕೊಡತೊಡಗಿದೆ.

ಮೊದಲ ದಿನದ ಸವಾರಿಯಿಂದ ವಾಪಸು ಬಂದ ಮಡಕೆಯಲ್ಲಿ ಅರ್ಧ ಮಜ್ಜಿಗೆ, ಮೇಲೆ ಬೆಣ್ಣೆ. ಭಾವ ಬೆರಳಲ್ಲಿ ಮುಟ್ಟಿ ನೋಡಿ ನಿಟ್ಟುಸಿರಿಟ್ಟರು. ಅಕ್ಕನಿಗೇನು ಗೊತ್ತು? ಕಡೆಯುವ ಕೆಲಸ ತಪ್ಪಿತೆಂದು ಖುಷಿಯಿಂದ ಬೆಣ್ಣೆ ತೆಗೆದು ತುಪ್ಪ ಕಾಯಿಸಿದಳು. ಮರುದಿನವೂ ಬೆಣ್ಣೆ. ಆ ವಾರವೆಲ್ಲ ನಮಗೆ ತುಪ್ಪದ ಊಟ! ನಾನು ದುಂಡಗಾದೆ, ಭಾವ ಚಿಂತೆಯಲ್ಲಿ ಸೊರಗಿದರು.

ಕೊನೆಗೆ ವೆಲ್ಡಿಂಗ್ ಸಾಬರೇ ದಾರಿ ತೋರಿಸಿದರು. ಎಸೆಯುವ ಸ್ಪ್ರಿಂಗಿಗೆ ಹಿಡಿದು ನಿಲ್ಲಿಸುವ ಎಣ್ಣೆ ಕೊಳವೆಯ ಜೊತೆ ಬೇಕು, ಅದಕ್ಕೆ ಶಾಕ್ ಅಬ್ಸಾರ್ಬರ್ ಅನ್ನುತ್ತಾರೆ, ಮೈಸೂರಿನಲ್ಲಿ ನನ್ನ ಷಡ್ಡಕನ ಹತ್ತಿರ ಒಂದು ಜೊತೆ ಇರಬಹುದು ಎಂದರು. ಜೊತೆ ಬಂತು. ಕೂರಿಸಿದ್ದಾಯಿತು. ಅಂದು ಭಾವ ಪಿರಿಯಾಪಟ್ಟಣದವರೆಗೆ ಹೋಗಿ ಬಂದರು. ಮಡಕೆಯ ಬಟ್ಟೆ ಬಿಚ್ಚಿದರೆ ಮೇಲೆ ಕೆನೆ, ಕೆಳಗೆ ಗಡ್ಡೆ ಮೊಸರು, ಒಂದು ಬಿರುಕಿಲ್ಲ! ತುಪ್ಪ ನಿಂತುಹೋಯಿತೆಂದು ಅಕ್ಕನಿಗೆ ಮಾತ್ರ ಬೇಸರವಾಯಿತು.

ಮುಂದಿನ ಭಾನುವಾರ ಬೆಳಗಾಗುತ್ತಲೇ ಸಾಲಿಗ್ರಾಮಕ್ಕೆ ಹೊರಟೆವು. ಶ್ರಮದಾನವೇ? ಅದನ್ನು ಇನ್ನೊಬ್ಬ ಮೇಷ್ಟ್ರಿಗೆ ಕೈಮುಗಿದು ಒಪ್ಪಿಸಿದ್ದೆ. ಹಿಂದಿನ ಸೀಟು ಈಗ ಸೀಟಾಗಿರಲಿಲ್ಲ. ಮನೆಯ ಬೆತ್ತದ ಕುರ್ಚಿಯ ಕಾಲು ಕೊಯ್ದು, ಅವ್ವನ ಬೆನ್ನಿಗೆ ಒತ್ತಬಾರದೆಂದು ಒರಗನ್ನೂ ಕೊಯ್ದು, ಎರಡು ಕೈಗಳನ್ನು ಮಾತ್ರ ಉಳಿಸಿ, ಮೇಲೆ ಮೆತ್ತೆ ಹೊಲಿದಿದ್ದರು. ಅದರಲ್ಲಿ ನಾನು, ನನ್ನ ತೊಡೆಯ ಮೇಲೆ ಹೆಪ್ಪು ಹಾಕಿದ ಹಾಲಿನ ಮಡಕೆ. ಹೊಸ ಅಗ್ರಹಾರದಲ್ಲಿ ಕಾಫಿಗೆ ನಿಲ್ಲಿಸಿದಾಗ ಜನ ಸುತ್ತುವರಿದರು. ಯಾವ ಮದುವೆಯ ಮೆರವಣಿಗೆ, ಗಂಡು ಯಾರು ಎಂದು ಒಬ್ಬರು ಕೇಳಿದರು. ನಾನು ಮಡಕೆ ನೋಡಿಕೊಂಡು ಕೂತೆ.

ಅವ್ವ ಗಾಡಿಯನ್ನು ದೂರದಿಂದ ಕಂಡೇ ಒಳಗೆ ಹೋಗಿಬಿಟ್ಟಳು. ಆ ಯಮನ ಕೋಣದ ಮೇಲೆ ತಾನು ಕೂರುವುದಿಲ್ಲವೆಂದು ಅಣ್ಣನ ಕೈಲಿ ಹೇಳಿಕಳಿಸಿದಳು. ಅಣ್ಣ, ಅತ್ತಿಗೆ ಇಬ್ಬರೂ ಹೇಳಿದರು, ನಾನೂ ಹೇಳಿದೆ. ಭಾವ ಮಾತ್ರ ಮಡಕೆಯನ್ನು ತಂದು ಅವ್ವನ ಮುಂದಿಟ್ಟು ಬಟ್ಟೆ ಬಿಚ್ಚಿದರು.

“ಎಪ್ಪು ಆಕಿದ್ದು ಉಣಸೂರಲ್ಲಿ ಅತ್ತೆ” ಎಂದರು. “ದಾರೀಲಿ ಮೊಸರಾಗ್ಯದೆ.”

ಹಾಲು ಮೊಸರಿನ ವಿಷಯದಲ್ಲಿ ಅವ್ವನನ್ನು ಮೋಸ ಮಾಡಲು ಯಾರಿಂದಲೂ ಆಗುತ್ತಿರಲಿಲ್ಲ. ಅವಳು ಮಡಕೆಯನ್ನು ಓರೆ ಮಾಡಿದಳು, ಮೊಸರು ಜಾರಲಿಲ್ಲ. ಸೌಟು ತರಿಸಿ ಅಂಚಿನಿಂದ ಎತ್ತಿದಳು. ಕತ್ತರಿಸಿದ ಹಾಗೆ ಬಂತು. ನಾಲಿಗೆಗೆ ಇಟ್ಟುಕೊಂಡಳು.

“ಉಳಿ ಒಸಿ ಕಮ್ಮಿ” ಎಂದಳು. ಆಮೇಲೆ ಅತ್ತಿಗೆಯ ಕಡೆ ತಿರುಗಿ, ಟ್ರಂಕಿನಲ್ಲಿರುವ ಬಾಣಂತಿ ಖಾರದ ಗಂಟು, ಹಳೇ ಮೆತ್ತನೆಯ ಸೀರೆಗಳು, ಎಲ್ಲ ಕಟ್ಟು ಎಂದಳು.

ಅವ್ವ ಹುಣಸೂರು ತಲುಪಿದಳು, ಅಕ್ಕನಿಗೆ ಸುಖವಾಗಿ ಹೆಣ್ಣು ಮಗುವಾಯಿತು, ಅದಕ್ಕೆ ಅಜ್ಜಿಯೇ ಮೊದಲ ನೀರು ಎರೆದಳು ಎಂಬುದನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಯಾಕೆಂದರೆ ನನಗೆ ಹೇಳಬೇಕಾಗಿರುವುದು ಆ ದಿನದ ದಾರಿಯ ಸಂಗತಿ.

ಊಟವಾದ ಮೇಲೆ ಅವರಿಬ್ಬರೂ ಮುಂದೆ ಹೊರಟರು. ಅವ್ವ ಕುರ್ಚಿಯಲ್ಲಿ, ಸೊಂಟಕ್ಕೂ ಕುರ್ಚಿಯ ಕೈಗಳಿಗೂ ಸೇರಿಸಿ ಒಂದು ದುಪ್ಪಟಿ ಸುತ್ತಿ ಕಟ್ಟಿತ್ತು. ಗಾಡಿ ಮನುಷ್ಯರು ನಡೆಯುವುದಕ್ಕಿಂತ ಒಂದಿಷ್ಟು ಜೋರಾಗಿ ಹೋಗುತ್ತಿತ್ತು, ಅಷ್ಟೇ. ಅವ್ವ ಒಂದು ಕೈಯಲ್ಲಿ ಅಳಿಯನ ಭುಜ ಹಿಡಿದು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ನಾನು ಅಣ್ಣನ ಸೈಕಲ್ಲನ್ನು ಕೇಳಿ ತೆಗೆದುಕೊಂಡು ಹಿಂದಿನಿಂದ ಬರುವುದೆಂದು ಮಾತಾಗಿತ್ತು. ಸೈಕಲ್ಲಿಗೆ ಗಾಳಿ ತುಂಬಿಸಿ, ಅತ್ತಿಗೆ ಕೊಟ್ಟ ಗಂಟುಗಳನ್ನೆಲ್ಲ ಕ್ಯಾರಿಯರಿಗೆ ಬಿಗಿದು ಹೊರಡುವಷ್ಟರಲ್ಲಿ ಸಾಕಷ್ಟು ತಡವಾಗಿತ್ತು. ಅವರು ಇಷ್ಟರಲ್ಲೇ ಹುಣಸೂರು ಸೇರುತ್ತಾರೆ, ಅಕ್ಕ ಎಷ್ಟು ಅಳುತ್ತಾಳೋ ಎಂದು ಯೋಚಿಸುತ್ತಾ ತುಳಿಯುತ್ತಿದ್ದೆ.

ಹೊಸ ಅಗ್ರಹಾರ ದಾಟಿ ಎರಡು ತಿರುವು ಬಂದಿದ್ದೆ. ರಸ್ತೆಯ ಪಕ್ಕದಲ್ಲಿ, ಒಂದು ಹೊಂಗೆಮರದ ಬಳಿ ಫಟಫಟಿ ನಿಂತಿತ್ತು. ಎಂಜಿನ್ನಿನ ಸದ್ದಿಲ್ಲ. ಸ್ಪ್ರಿಂಗು ಮುರಿಯಿತೇ? ಅವ್ವನಿಗೆ ಏನಾದರೂ ಆಯಿತೇ? ಕೂಗುತ್ತಲೇ ಹತ್ತಿರ ಬಂದೆ. ಭಾವ ತುಟಿಯ ಮೇಲೆ ಬೆರಳಿಟ್ಟರು.

ಅವ್ವ ನಿದ್ದೆ ಹೋಗಿದ್ದಳು. ಮುಂದಕ್ಕೆ ಬಾಗಿ, ಕೆನ್ನೆಯನ್ನು ಭಾವನ ಬೆನ್ನಿಗೆ ಒತ್ತಿ, ಬಾಯಿ ಸ್ವಲ್ಪ ತೆರೆದು, ಮಗು ಮಲಗಿದ ಹಾಗೆ. ಮಳೆಗಾಲದಿಂದ ಈಚೆಗೆ ಅವಳ ಮುಖದಲ್ಲಿ ನೋವಿನ ಗೆರೆ ಇಲ್ಲದ್ದನ್ನು ನಾನು ನೋಡಿರಲಿಲ್ಲ. ಭಾವ ಎರಡೂ ಬರಿಗಾಲುಗಳನ್ನು ನೆಲಕ್ಕೆ ಊರಿ, ಹ್ಯಾಂಡಲು ಬಿಗಿಯಾಗಿ ಹಿಡಿದು, ಅಷ್ಟು ಭಾರದ ಗಾಡಿಯನ್ನು ಅಲುಗದಂತೆ ನಿಲ್ಲಿಸಿಕೊಂಡು ಕೂತಿದ್ದರು. ಮೀನಖಂಡಗಳು ನಡುಗುತ್ತಿದ್ದವು. ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು. ಬಿಸಿಲು ನೇರವಾಗಿ ಮುಖಕ್ಕೆ ಹೊಡೆಯುತ್ತಿತ್ತು.

ಎಷ್ಟು ಹೊತ್ತಾಯಿತು ಎಂದು ಪಿಸುಮಾತಿನಲ್ಲಿ ಕೇಳಿದೆ.

“ನಿಂತ್ಕಂಡಾಗ ನೆಳ್ಳಿತ್ತು” ಎಂದರು.

ಮರದ ನೆರಳು ಅವರನ್ನು ಬಿಟ್ಟು ಆ ಕಡೆಯ ಹೊಲದೊಳಗೆ ಹೋಗಿಬಿಟ್ಟಿತ್ತು. ಗಾಡಿಯನ್ನು ನೆರಳಿಗೆ ತಳ್ಳೋಣ ಎಂದು ಸನ್ನೆ ಮಾಡಿದೆ. ಅವರು ಬೇಡವೆಂದು ಕಣ್ಣಲ್ಲೇ ಹೇಳಿದರು, ಅಲುಗಿದರೆ ಎಚ್ಚರವಾದೀತು. ನಾನು ಸೈಕಲ್ಲನ್ನು ಮರಕ್ಕೆ ಒರಗಿಸಿ ಬಂದು, ಗಾಡಿಯ ಹಿಂಬದಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವರ ಕಾಲಿನ ಮೇಲಿದ್ದ ಭಾರವನ್ನು ಆದಷ್ಟು ನನ್ನ ಕಡೆಗೆ ತೆಗೆದುಕೊಂಡೆ.

ಸ್ವಲ್ಪ ಹೊತ್ತಿನ ಮೇಲೆ ಅವ್ವ ಮಿಸುಕಾಡಿದಳು. ಕಣ್ಣು ಬಿಡದೆಯೇ, ಉಣಸೂರು ಬಂತಾ ಎಂದು ಕೇಳಿದಳು.

“ಇಲ್ಲ ಅತ್ತೆ” ಎಂದರು ಭಾವ, ಬೆನ್ನು ಅಲುಗಿಸದೆ. “ಇನ್ನೂ ದೂರ ಅದೆ. ಮಲಿಕ್ಕಳಿ.”